ಷಡ್ಡಕನ ಅಂಗಡಿಯಲ್ಲಿ ತೆರೆದ ಪುಟ

ಓದುವ ಎಲ್ಲರಿಗೂ ಶರಣು. ಬರೆಯುವುದು ನನ್ನ ಕಸುಬಲ್ಲ. ಊರ ಮಂದಿಯ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವುದು ನನ್ನ ಕೆಲಸ. ಅಲ್ಲಿ ಹೆಸರು, ತಂದೆಯ ಹೆಸರು, ಓಣಿ, ಪಿನ್ ಕೋಡು ಬಿಟ್ಟರೆ ಮನಸ್ಸಿನ ಮಾತು ಬರೆಯಲು ಜಾಗವೇ ಇರುವುದಿಲ್ಲ. ನಾನು ಹತ್ತನೇ ತರಗತಿ ಪಾಸಾದದ್ದು ನನ್ನ ಮಗಳು ಒಂದನೇ ತರಗತಿಗೆ ಹೋಗಲು ಶುರು ಮಾಡಿದ ಮೇಲೆ. ಹಾಗಾಗಿ ಒತ್ತಕ್ಷರ ತಪ್ಪಿರಬಹುದು, ದೀರ್ಘದ ಜಾಗದಲ್ಲಿ ಹ್ರಸ್ವ ಬಿದ್ದಿರಬಹುದು. ಎರಡೇ ಬೆರಳಿನಲ್ಲಿ ಕೀಲಿ ಹುಡುಕಿ ಒತ್ತುವವನು ನಾನು. ಒಂದು ಸಾಲು ಮುಗಿಯುವಷ್ಟರಲ್ಲಿ ಚಹಾ ಆರುತ್ತದೆ. ತಪ್ಪು ಕಂಡರೆ, ಇವನೂ ನಮ್ಮವನೇ ಅಂತ ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ಹೇಳಬೇಕಾಗಿರುವುದು ಒಂದು ಸಣ್ಣ ಸಂದೇಶದ ಸುದ್ದಿ. ನೀವೂ ಅದನ್ನು ನೋಡಿರುತ್ತೀರಿ. ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಕಿಟಕಿಗೆ ಬ್ರೌಸರ್ ಅನ್ನುತ್ತಾರಲ್ಲ, ಆ ಕಿಟಕಿಯ ನಡುವೆ ಒಂದು ಬಿಳಿ ಚೌಕ ಬರುತ್ತದೆ. "ನಿಮ್ಮ ಬ್ರೌಸರ್ ಈ ತಂತ್ರಾಂಶಕ್ಕೆ ಹೊಂದುವುದಿಲ್ಲ. ದಯವಿಟ್ಟು ಹೊಸ ಆವೃತ್ತಿಯನ್ನು ಬಳಸಿ." ಕೆಳಗೆ ಒಂದೇ ಒಂದು ಗುಂಡಿ: "ಸರಿ". ಸರಿ ಅನ್ನದೆ ಬೇರೆ ದಾರಿಯಿಲ್ಲ. ಸರಿ ಅಂದರೆ ಪುಟ ಖಾಲಿಯಾಗಿ ನಿಲ್ಲುತ್ತದೆ. ಯಾವ ಬ್ರೌಸರ್ ಬೇಕು, ಯಾಕೆ ಹೊಂದುವುದಿಲ್ಲ, ಏನು ಮಾಡಿದರೆ ಹೊಂದುತ್ತದೆ, ಒಂದಕ್ಕೂ ಉತ್ತರವಿಲ್ಲ. ಹೆಣ್ಣು ನೋಡಲು ಹೋದಾಗ ಆ ಕಡೆಯವರು ಚಹಾ ಕೊಟ್ಟು, "ನಮಗ ಹೊಂದಂಗಿಲ್ರಿ" ಅಂತಷ್ಟೇ ಹೇಳಿ ಬಾಗಿಲ ತನಕ ಕಳಿಸಿಕೊಡುತ್ತಾರಲ್ಲ, ಹಾಗೆ.

ನನ್ನ ಅಂಗಡಿ ಶಹಾಪುರದ ಬಜಾರಿನಲ್ಲಿದೆ. ಎದುರಿಗೆ, ರಸ್ತೆಯ ಆಚೆ ಬದಿಗೆ, ಅದೇ ಕೆಲಸದ ಇನ್ನೊಂದು ಅಂಗಡಿ. ಅದು ನನ್ನ ಷಡ್ಡಕನದು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನದು. ನಮ್ಮ ಮಾವನವರ ಮನೆ ವನದುರ್ಗದಲ್ಲಿ. ಆ ಮನೆಗೆ ಹಿರಿಯ ಅಳಿಯ ಅವನು, ಕಿರಿಯ ಅಳಿಯ ನಾನು. ಅಲ್ಲಿ ಹೋದರೆ ಗಾಳಿ ಬರುವ ಕಡೆಯ ಹೊರಸು ಅವನದು. ಹೋಳಿಗೆ ಮೊದಲು ಅವನ ತಾಟಿಗೆ ಬೀಳುತ್ತದೆ, ತುಪ್ಪದ ಗಿಂಡಿ ನನ್ನ ತನಕ ಬರುವಷ್ಟರಲ್ಲಿ ಅತ್ತೆಯ ಕೈ ಸಣ್ಣದಾಗಿರುತ್ತದೆ. ಇದನ್ನು ನಾನು ಯಾರ ಮುಂದೆಯೂ ಆಡಿಲ್ಲ. ಆದರೆ ಒಮ್ಮೆಯೂ ಗಮನಿಸದೆ ಬಿಟ್ಟಿಲ್ಲ.

ಹೊಲದ ವಿಷಯದಲ್ಲಿಯೂ ಹಾಗೆಯೇ. ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದ ಮೇಲೆ ನಮ್ಮ ಭಾಗದಲ್ಲಿ ಎರಡೇ ಜಾತಿ ಉಳಿದವು: ಮೇಲಿನವರು, ಕೆಳಗಿನವರು. ಷಡ್ಡಕನ ಹೊಲ ಸುರಪುರದ ಕಡೆ, ಕಾಲುವೆಯ ಮೇಲ್ಭಾಗಕ್ಕೆ. ಅವನು ಗದ್ದೆಗೆ ನೀರು ಬಿಟ್ಟು ನಿದ್ದೆ ಮಾಡಿದರೂ ನೆಲ್ಲು ಬೆಳೆಯುತ್ತದೆ. ನಮ್ಮ ಹೊಲ ಶಿರವಾಳದ ಕಡೆ, ಕಿರುಗಾಲುವೆಯ ಕಟ್ಟಕಡೆಗೆ. ಮೇಲಿನವರೆಲ್ಲ ಕುಡಿದು, ತೊಳೆದು, ಎಮ್ಮೆ ಮೈತಿಕ್ಕಿ, ಸಾಕಾಗಿ ಬಿಟ್ಟ ಮೇಲೆ ನಮಗೆ ಬರುವುದು. ನೀರು ಬರದಿದ್ದರೆ ಮೇಲೆ ಯಾರೋ ತೂಬಿಗೆ ಚೀಲ ತುರುಕಿದ್ದಾರೆ ಅಂತಲೇ ಅರ್ಥ. ನಾನು ಬುದ್ಧಿ ಬಂದಾಗಿನಿಂದ ಕಾಲುವೆಯ ದಂಡೆಯ ಮೇಲೆ ಮೇಲ್ಮುಖವಾಗಿ ನಡೆದು, ಯಾರು ತಡೆದಿದ್ದಾರೆ ಅಂತ ನೋಡುತ್ತ ಬೆಳೆದವನು. ಈ ಅಭ್ಯಾಸ ಮುಂದೆ ಏನು ಮಾಡಿಸಿತು ಅನ್ನುವುದನ್ನು ಹೇಳುತ್ತೇನೆ.

ಅಂಗಡಿಯಲ್ಲಾದರೂ ನಾನು ಅವನಿಗಿಂತ ಮೇಲೆ ಇರಬೇಕು ಅಂತ ನನ್ನ ಛಲ. ಹೊಸ ಕಂಪ್ಯೂಟರ್ ತಂದೆ. ದಿನಾ ಮುಂಜಾನೆ ಅದರ ಮೈ ಒರೆಸಿ, ಊದುಬತ್ತಿ ಬೆಳಗಿ, ಅದು ಏನೇನು ಹೊಸದಾಗಿ ಹಾಕಿಕೊಳ್ಳುತ್ತೇನೆ ಅನ್ನುತ್ತದೋ ಅದಕ್ಕೆಲ್ಲ ಹೂಂ ಅನ್ನುತ್ತಿದ್ದೆ. ಷಡ್ಡಕ ಬಿ.ಎ. ಓದಿದವನು, ಆದರೆ ಮಹಾ ಸೋಮಾರಿ. ಅವನ ಕಂಪ್ಯೂಟರ್ ಬೂದಿ ಬಣ್ಣದ್ದು, ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯಂತೆ ಗುರ್ ಅನ್ನುತ್ತಿತ್ತು. "ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?" ಅಂತ ಅದು ಕೇಳಿದಾಗಲೆಲ್ಲ ಅವನು "ನಂತರ" ಅನ್ನುವ ಗುಂಡಿ ಒತ್ತುತ್ತಿದ್ದ.

"ಯಾಕಣ್ಣಾ, ಹೊಸಾದು ಹಾಕ್ಬಾರ್ದೇನು?" ಅಂತ ನಾನೊಮ್ಮೆ ಕೇಳಿದ್ದೆ.

"ಬಿಡೋ ತಮ್ಮಾ, ನಡೀಲಾಕತ್ತದಲ್ಲ. ನಡಿಯೋ ಎತ್ತಿಗಿ ಯಾಕ ಬಾರುಕೋಲು?" ಅಂದು ಚುರುಮುರಿ ಬಾಯಿಗೆ ಹಾಕಿಕೊಂಡಿದ್ದ.

ಆ ವರ್ಷ ನಮ್ಮ ಓಣಿಯದೂ ಸೇರಿ ತಾಲೂಕಿನ ಹಲವು ಅಂಗನವಾಡಿಗಳಿಗೆ ಕಾರ್ಯಕರ್ತೆಯರು ಬೇಕು ಅಂತ ಅರ್ಜಿ ಕರೆದರು. ಆಯಾ ಓಣಿಯ, ಹಳ್ಳಿಯ ಹೆಣ್ಣುಮಗಳೇ ಆಗಬೇಕು, ಪಿಯುಸಿ ಆಗಿರಬೇಕು, ಅರ್ಜಿ ಇಂಟರ್‌ನೆಟ್ಟಿನಲ್ಲಿಯೇ ಹಾಕಬೇಕು. ನನ್ನ ಹೆಂಡತಿ ಮದುವೆಗೆ ಮೊದಲೇ ಪಿಯುಸಿ ಮುಗಿಸಿದವಳು. ನಾನು ಹತ್ತನೇ ತರಗತಿಯ ಪರೀಕ್ಷೆ ಕಟ್ಟಿದಾಗ ನನಗೆ ಬೀಜಗಣಿತ ಹೇಳಿಕೊಟ್ಟವಳು ಅವಳೇ, ರೊಟ್ಟಿ ಬಡಿಯುತ್ತ, ಹಿಟ್ಟಿನ ಬೆರಳಿನಿಂದ ನೆಲದ ಮೇಲೆ ಲೆಕ್ಕ ಬರೆದು. ತನಗಾಗಿ ಅವಳು ಏನನ್ನೂ ಕೇಳಿದವಳಲ್ಲ. ಈ ಕೆಲಸ ಮಾತ್ರ ಬೇಕು ಅಂದಳು. ಅವಳ ವಯಸ್ಸು ಆ ಕೆಲಸದ ಮಿತಿಯ ಅಂಚಿಗೆ ಬಂದಿತ್ತು. ಇನ್ನೊಮ್ಮೆ ಕರೆಯುವಷ್ಟರಲ್ಲಿ ಮೀರಿಹೋಗುತ್ತಿತ್ತು. ಇದೊಂದೇ ಅವಕಾಶ.

"ನಮ್ಮದೇ ಅಂಗಡಿ ಅದ. ಮೊದಲನೇ ಅರ್ಜಿ ನಿಂದೇ ಹೋಗ್ತದ ನೋಡು," ಅಂದೆ ನಾನು, ದೊಡ್ಡ ಗಂಡಸಿನಂತೆ.

ಅವಳು ಇಳಕಲ್ ಸೀರೆ ಉಟ್ಟು ಅಂಗಡಿಗೆ ಬಂದಳು, ಫೋಟೋ ತೆಗೆಸಲು ಬಂದವಳಂತೆ. ಪುಟ ತೆರೆದೆ. ಬಿಳಿ ಚೌಕ ಬಂತು. ಹೊಂದುವುದಿಲ್ಲ, ಹೊಸ ಆವೃತ್ತಿ ಬಳಸಿ. ಹೊಸದನ್ನೇ ಹಾಕಿದ್ದೆನಲ್ಲ ಅಂದುಕೊಂಡು ಮತ್ತೊಮ್ಮೆ ಹಾಕಿದೆ. ಅದೇ ಮಾತು. ಬಣ್ಣದ ಚಕ್ರದ ಗುರುತಿನ ಬ್ರೌಸರ್ ಬಿಟ್ಟು ನರಿ ಬಾಲದ್ದನ್ನು ತೆರೆದೆ. ಅದೇ ಮಾತು. ನೀಲಿ ಅಲೆಯದ್ದನ್ನು ತೆರೆದೆ. ಅದೇ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಕಂಪ್ಯೂಟರ್ ಆರಿಸಿ, ಒಂದು ಎಲೆಯಡಿಕೆ ಮುಗಿಯುವ ತನಕ ಕಾದು, ಮತ್ತೆ ಹಚ್ಚಿದೆ. ಅದೇ. ಮೊಬೈಲಿನಲ್ಲಿ ನೋಡಿದರೆ, ಕಂಪ್ಯೂಟರಿನಲ್ಲಿಯೇ ಅರ್ಜಿ ಹಾಕಬೇಕು ಅಂತ ಬಂತು.

"ಏನಂತದ್ರಿ ಅದು?" ಅಂದಳು ಹೆಂಡತಿ.

"ಹೊಂದಂಗಿಲ್ಲ ಅಂತದ."

"ಯಾರಿಗಿ ಯಾರು?"

"ಅದನ್ನ ಹೇಳಲ್ಲ."

"ಹಂಗಾರ ನಾಳಿ ನೋಡಮ್ರಿ," ಅಂದು ಅವಳು ಎದ್ದಳು. ಹೊರಗೆ ಹೆಜ್ಜೆ ಇಡುವಾಗಲೇ ಎದುರಿನ ಅಂಗಡಿಯಿಂದ ನಮ್ಮ ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು ಕೈಯಲ್ಲಿ ಕಾಗದ ಹಿಡಿದು ಹೊರಬಂದಳು. "ಅಕ್ಕಾ, ನಂದು ಅರ್ಜಿ ಆತು ನೋಡ್ರಿ! ಒಂದು ಸಲಕ್ಕೇ ತೆರೀತು!" ಅಂದಳು. ನನ್ನ ಹೆಂಡತಿ ನಕ್ಕು "ಚಲೋ ಆತವ್ವಾ" ಅಂದಳು. ನನಗೆ ಮಾತ್ರ ಎದೆಯೊಳಗೆ ಮೆಣಸಿನಕಾಯಿ ಒಗ್ಗರಣೆ ಬಿದ್ದಂತಾಯಿತು.

ಸಂಜೆಯಾಗುವಷ್ಟರಲ್ಲಿ ಬಜಾರ್ ತುಂಬ ಸುದ್ದಿ: ಈ ಅರ್ಜಿ ಎಲ್ಲಿಯೂ ತೆರೆಯುವುದಿಲ್ಲ, ಅವನ ಅಂಗಡಿಯಲ್ಲಿ ಮಾತ್ರ ತೆರೆಯುತ್ತದೆ. ಬಸ್‌ಸ್ಟ್ಯಾಂಡ್ ಕಡೆಯ ಅಂಗಡಿಯವರೂ ಕೈಚೆಲ್ಲಿದ್ದರಂತೆ. ಹಳ್ಳಿಗಳಿಂದ ಹೆಣ್ಣುಮಕ್ಕಳು ಬಂದರು. ಷಡ್ಡಕನ ಅಂಗಡಿಯ ಮುಂದೆ ಚಪ್ಪಲಿಗಳು ರಸ್ತೆಗೆ ಬರುವಷ್ಟು ಬಿದ್ದಿದ್ದವು. ನನ್ನ ಗಿರಾಕಿಯೊಬ್ಬ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತೇ ಎದುರಿನ ಅಂಗಡಿಯ ಪಾಳಿ ಕಾದ. "ನಿಮ್ಮಲ್ಲಿ ಫ್ಯಾನ್ ಚಲೋ ಅದರಿ," ಅಂದ. ಒರೆಸಿ ಹೊಳಪು ಬಂದ ನನ್ನ ಕಂಪ್ಯೂಟರನ್ನು ಅವನು ಟವೆಲ್ ಇಡುವ ಕಟ್ಟೆ ಮಾಡಿಕೊಂಡ.

ಹೆಂಡತಿ ಆ ರಾತ್ರಿ ಊಟಕ್ಕೆ ಬಡಿಸುತ್ತ ಮೆಲ್ಲಗೆ ಅಂದಳು, "ಮಾಮಾನ ಅಂಗಡ್ಯಾಗ ಹಾಕಿಬಿಟ್ರ ಏನಾಗ್ತದ್ರಿ? ನಮ್ಮವ್ರೇ ಅಲ್ಲೇನು." ಅಕ್ಕನ ಗಂಡನಿಗೆ ಅವಳು ಮಾಮಾ ಅನ್ನುತ್ತಾಳೆ.

"ಸ್ವಂತ ಅಂಗಡಿ ಇಟ್ಕೊಂಡು ಮಂದಿ ಅಂಗಡಿಗಿ ಹೋಗಿ ನಿಂದ್ರತೀ? ನಾಕು ಮಂದಿ ನಗಬೇಕೇನು?"

"ನಾಕು ಮಂದಿ ನಕ್ಕು ಸುಮ್ನಾಗ್ತಾರ. ಅರ್ಜಿ ತಾರೀಖು ಸುಮ್ನಾಗಲ್ಲ," ಅಂದಳು. ಆದರೆ ಅಷ್ಟಕ್ಕೇ ಬಿಟ್ಟಳು. ನನ್ನ ಮಾತಿಗೆ ಅವಳು ಅಷ್ಟು ಅವಕಾಶ ಕೊಟ್ಟಳು ಅನ್ನುವುದು ಈಗ ಬರೆಯುವಾಗ ಕಾಣುತ್ತಿದೆ.

ಮರುದಿನ ನಾನು ಬಸ್ ಹತ್ತಿ ಯಾದಗಿರಿಗೆ ಹೋದೆ. ಅರ್ಜಿಯ ಸಂಬಂಧದ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿದ್ದರು. ಪಾಪ, ಅವರ ಮೇಜಿನ ಸುತ್ತ ನನ್ನಂಥವರೇ ತುಂಬಿದ್ದರು.

"ಬ್ಯಾರೆ ಬ್ರೌಸರ್ ಹಾಕ್ರಿ," ಅಂದರು ತಲೆ ಎತ್ತದೆ.

"ಯಾವುದು ಹಾಕ್ಬೇಕ್ರಿ ಮೇಡಂ?"

"ಹೊಂದುವಂಥಾದ್ದು."

"ಯಾವುದು ಹೊಂದತದ್ರಿ?"

"ಅದು ನಿಮಗ ಅಲ್ಲೇ ತೋರಸ್ತದಲ್ರಿ."

"ಹೊಂದಂಗಿಲ್ಲ ಅಂತಷ್ಟೇ ತೋರಸ್ತದ್ರಿ."

"ಹಂಗಾರ ಹೊಂದಂಗಿಲ್ರಿ," ಅಂದು ಅವರು ಆಮೇಲೆ ತಲೆ ಎತ್ತಿ, ಕನಿಕರದಿಂದ ನೋಡಿದರು. "ಯಾವ ಊರು ನಿಮ್ದು? ಶಹಾಪುರನಾ? ಅಯ್ಯ, ಇಲ್ಲಿತನಾ ಯಾಕ ಬಂದ್ರಿ? ನಿಮ್ಮ ಊರಾಗೇ ಒಬ್ಬರು ಭಾಳ ಶಾಣ್ಯಾರದಾರಂತಲ್ರಿ. ಅವರ ಅಂಗಡಿಯಿಂದ ದಿನಾ ಅರ್ಜಿ ಬರ್ಲಾಕತ್ತಾವ. ಅವರ ಬಲ್ಲಿ ಹೋಗ್ರಿ."

ಅವನ ಕೀರ್ತಿ ಜಿಲ್ಲಾ ಕೇಂದ್ರಕ್ಕೆ ನನಗಿಂತ ಮೊದಲೇ ಬಂದು ಕೂತಿತ್ತು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಹೊಲ ನೋಡುತ್ತ ಕೂತೆ. ಎಲ್ಲಿ ನೋಡಿದರೂ ನೀರು ಪಕ್ಕದವನ ಮಡಿಗೆ ಹರಿಯುತ್ತಿರುವಂತೆ ಕಂಡಿತು. ಆಗಲೇ ನನಗೆ ಆ ವಿಚಾರ ಹೊಳೆದದ್ದು. ವೈರು!

ನಮ್ಮಿಬ್ಬರ ಅಂಗಡಿಗೂ ಇಂಟರ್‌ನೆಟ್ ಕೊಡುವವನು ಕೇಬಲ್ ಟಿವಿಯವನು. ಅವನ ಕರಿ ವೈರು ಕಂಬದಿಂದ ಇಳಿದು ಮೊದಲು ಷಡ್ಡಕನ ಗೋಡೆಯ ಡಬ್ಬಿಗೆ ಬರುತ್ತದೆ. ಅಲ್ಲಿಂದ ರಸ್ತೆ ದಾಟಿ ನನ್ನ ಅಂಗಡಿಗೆ. ಅಂದರೆ ಅವನು ಮೇಲಿನವನು, ನಾನು ಕೆಳಗಿನವನು. ಇಲ್ಲಿಯೂ! ಅವನ ಪುಟ ತೆರೆಯುತ್ತದೆ, ನನ್ನದು ತೆರೆಯುವುದಿಲ್ಲ ಅಂದರೆ ನಡುವೆ ಅವನು ಏನೋ ತಡೆದಿದ್ದಾನೆ. ಬ್ರೌಸರ್ ಹೊಂದುವುದಿಲ್ಲ ಅನ್ನುವುದು ಬರೀ ನೆಪ. ಕಾಲುವೆಯವರೂ ಹಾಗೆಯೇ ಅಲ್ಲವೇ, "ಮೇಲಿಂದ ಬಂದಿಲ್ರಿ" ಅನ್ನುತ್ತಾರೆ, ಮೇಲೆ ಚೀಲ ಇಟ್ಟವನ ಹೆಸರು ಹೇಳುವುದಿಲ್ಲ.

ಬಸ್ಸಿಂದ ಇಳಿದವನೇ ಚಹಾದ ಹೋಟೆಲ್ಲಿಗೆ ಹೋದೆ. ಷಡ್ಡಕ ಮಿರ್ಚಿ ಭಜಿ ತಿನ್ನುತ್ತಿದ್ದ. ಮಂದಿಯೂ ಇದ್ದರು.

"ಅಣ್ಣಾ, ನೀ ಮ್ಯಾಲೆ ತಡಿಲಾಕತ್ತಿ," ಅಂದೆ.

"ಏನು ತಡಿಲಾಕತ್ತೀನೋ?"

"ನೆಟ್ಟು. ನಿನ್ನ ಗ್ವಾಡಿ ಮ್ಯಾಲಿಂದೇ ನನಗ ಬರಬೇಕಲ್ಲ?"

"ಹೌದು, ನಾ ವೈರಿನಾಗ ಚೀಲಾ ತುರುಕೀನಿ ನೋಡು! ಏ ತಮ್ಮಾ, ಬಿಸಿಲಾಗ ಬಂದೀದಿ, ನೀರು ಕುಡಿ ಮೊದಲ."

ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಕಾಲುವೆಯ ಗೇಟು ಕಾಯುವ ಕೆಲಸ ಮಾಡಿ ನಿವೃತ್ತರಾದ ಮುದುಕರೊಬ್ಬರು ಆ ಹೋಟೆಲ್ಲಿನ ಬೆಂಚಿನ ಮೇಲೆ ದಿನಾ ಕೂಡುತ್ತಿದ್ದರು. ಅವರಿಗೆ ನಾವೆಲ್ಲ ಮುತ್ಯಾ ಅನ್ನುತ್ತಿದ್ದೆವು. ನೀರಿನ ಜಗಳ ಎಷ್ಟು ಬಿಡಿಸಿದ್ದರೋ. ಅವರು ಬೀಡಿ ಬಾಯಿಂದ ತೆಗೆದು ಕೇಳಿದರು, "ವೈರು ಒಂದೇ ಏನು ಇಬ್ಬರಿಗೂ?"

"ಒಂದೇ ರೀ ಮುತ್ಯಾ."

"ಮೊದಲು ಯಾರ ಬಲ್ಲಿ ಬರ್ತದ?"

"ಅವನ ಬಲ್ಲಿ."

"ಮತ್ತೇನು ಕೇಳ್ತೀರಿ? ಮೇಲಿನವ ತೂಬು ಬಿಚ್ಚಿ ಕುಂತ್ರ ಕೆಳಗಿನವಗ ಕೆಸರೇ ಗತಿ. ಪಾಳಿ ಹಚ್ಚಿಬಿಡ್ರಿ."

ಷಡ್ಡಕ ಭಜಿ ಕೆಳಗಿಟ್ಟ. "ಮುತ್ಯಾ, ಇದು ನೀರಲ್ರಿ."

"ನೀರಲ್ಲ ಅಂದ್ರ ನಿಮ್ಮ ಮಾತಿನಾಗ ಎಲ್ಲಾ ನೀರಿಂದೇ ಅದಲ್ಲೋ. ಬರಲಾಕತ್ತದ ಅಂತೀರಿ, ನಿಂತದ ಅಂತೀರಿ, ಸಣ್ಣ ಆಗ್ಯಾದ ಅಂತೀರಿ. ಬರೋದು, ನಿಂದ್ರೋದು, ಸಣ್ಣ ಆಗೋದು ಏನೇ ಇರಲಿ, ಅದಕ್ಕ ಪಾಳಿ ಬೇಕು."

ಈಗ ಇದನ್ನು ಓದುವ ನೀವು ನಗಬಹುದು. ಅಲ್ಲಿ ಕೂತ ಒಬ್ಬರಿಗೂ ಆ ಮಾತು ತಪ್ಪು ಅನ್ನಿಸಲಿಲ್ಲ. ಕಾಲುವೆಯ ನೀರು ಕುಡಿದ ಮಂದಿಗೆ ಅದಕ್ಕಿಂತ ಸರಿಯಾದ ನ್ಯಾಯ ಎಲ್ಲಿದೆ? ಮಂದಿಯೆಲ್ಲ ಮುತ್ಯಾನ ಕಡೆಯಾದಾಗ ಷಡ್ಡಕನೂ ಹೆಗಲು ಕುಣಿಸಿ ಒಪ್ಪಿಕೊಂಡ. ಮುಂಜಾನೆಯಿಂದ ಮಧ್ಯಾಹ್ನದ ತನಕ ಅವನ ಪಾಳಿ, ನಾನು ಬಾಗಿಲು ಹಾಕಬೇಕು. ಮಧ್ಯಾಹ್ನದಿಂದ ಸಂಜೆಯ ತನಕ ನನ್ನ ಪಾಳಿ, ಅವನು ಶಟರ್ ಇಳಿಸಬೇಕು. ಮುತ್ಯಾ ಹೊಲದ ಪಾಳಿಯ ಕಟ್ಟಳೆಯನ್ನೇ ಹೇಳಿದರು: ಪಾಳಿ ಇದ್ದವನು ನೀರು ಹಾಯಿಸಲಿ, ಹಾಯಿಸದೆ ಇರಲಿ, ಅವನ ಪಾಳಿ ಅವನದೇ. ಇನ್ನೊಬ್ಬನಿಗೆ ಬೇಕಾದರೆ, ಪಾಳಿ ಇದ್ದವನು ಬಾಯಿಬಿಟ್ಟು "ಬಿಟ್ಟೇನಿ" ಅನ್ನಬೇಕು, ತನ್ನ ಕೈಯಿಂದಲೇ ಇನ್ನೊಬ್ಬನ ತೂಬು ತೆಗೆದುಕೊಡಬೇಕು. ನಾಳೆ ಕದ್ದ ಅನ್ನುವ ಮಾತು ಬರಬಾರದು ಅಂತ.

ಮರುದಿನ ಮಧ್ಯಾಹ್ನ ಷಡ್ಡಕ ಶಟರ್ ಇಳಿಸಿ, ಹೊರಗೆ ಸ್ಟೂಲ್ ಹಾಕಿ ಕೂತ. ನಾನು ದೇವರಿಗೆ ಕೈಮುಗಿದು ಪುಟ ತೆರೆದೆ. ಹೊಂದುವುದಿಲ್ಲ, ಹೊಸ ಆವೃತ್ತಿ ಬಳಸಿ. ನಾನು ಹೊರಗೆ ಬಂದು ಅವನನ್ನು ನೋಡಿದೆ. ಅವನು ಎರಡೂ ಕೈ ಎತ್ತಿ ತೋರಿಸಿದ, ನೋಡಪ್ಪ ನನ್ನ ಕೈಯಲ್ಲಿ ಏನೂ ಇಲ್ಲ ಅನ್ನುವಂತೆ. ಎದ್ದು ಹೋಗಿ ಅವನ ಗೋಡೆಯ ಡಬ್ಬಿಗೆ ಕಿವಿ ಹಚ್ಚಿದೆ. ಯಾಕೆ ಹಚ್ಚಿದೆನೋ. ತೂಬಿಗೆ ಕಿವಿ ಹಚ್ಚಿದರೆ ನೀರು ಹೊರಟದ್ದು ಕೇಳಿಸುತ್ತದಲ್ಲ, ಆ ರೂಢಿ.

"ಏನಂತದ?" ಅಂದ ಷಡ್ಡಕ.

"ನಿನಗ ಗೊತ್ತದ ಅಂತದ," ಅಂದೆ.

ಅದರ ಮರುದಿನವೂ ಹಾಗೆಯೇ ಆಯಿತು. ಅವನ ಪಾಳಿಯಲ್ಲಿ ಹೆಣ್ಣುಮಕ್ಕಳು ನಗುತ್ತ ಕಾಗದ ಹಿಡಿದು ಹೋಗುತ್ತಿದ್ದರು. ನನ್ನ ಪಾಳಿಯಲ್ಲಿ ನಾನು ಮತ್ತು ಬಿಳಿ ಚೌಕ. "ಸರಿ" ಅನ್ನುವ ಗುಂಡಿಯನ್ನು ನಾನು ಒತ್ತಿದಷ್ಟು ಯಾರೂ ಒತ್ತಿರಲಿಕ್ಕಿಲ್ಲ. ಅವನು ಏನೂ ಮಾಡುವುದಿಲ್ಲ, ಅವನಿಗೆ ತೆರೆಯುತ್ತದೆ. ನಾನು ಎಲ್ಲಾ ಮಾಡುತ್ತೇನೆ, ನನಗೆ ಮುಚ್ಚುತ್ತದೆ. ಈ ಉರಿಗೆ ಮಜ್ಜಿಗೆ ಕುಡಿದರೂ ಆಗಲಿಲ್ಲ, ಸೋಡಾ ಕುಡಿದರೂ ಆಗಲಿಲ್ಲ.

ಕೊನೆಯ ತಾರೀಖಿನ ಹಿಂದಿನ ದಿನ ಹೆಂಡತಿ ತನ್ನ ಕಾಗದಗಳನ್ನೆಲ್ಲ ಚೀಲದಲ್ಲಿ ಇಟ್ಟುಕೊಂಡಳು. "ನಾಳಿ ಮುಂಜಾನಿ ಮಾಮಾನ ಪಾಳಿಗಿ ನಾ ಹೋಗ್ಲಾಕತ್ತೀನಿ. ನಿಮ್ಮನ್ನ ಕೇಳ್ಲಾಕತ್ತಿಲ್ಲ, ಹೇಳ್ಲಾಕತ್ತೀನಿ," ಅಂದಳು.

ಆದರೆ ಮುಂಜಾನೆ ಕರೆಂಟೇ ಇರಲಿಲ್ಲ. ಎಲ್ಲೋ ಲೈನಿನ ಕೆಲಸ ಅಂದರು. ಅವಳು ಷಡ್ಡಕನ ಅಂಗಡಿಯ ಮೆಟ್ಟಿಲ ಮೇಲೆ ಚೀಲ ಎದೆಗೆ ಒತ್ತಿಕೊಂಡು ಕೂತಳು. ಅವಳ ಅಕ್ಕ ಮನೆಯಿಂದ ಅವಳಿಗೆ ಚಹಾ ಕಳಿಸಿದಳು. ನಾನು ಈಚೆ ಬದಿಯಿಂದ ನೋಡುತ್ತಿದ್ದೆ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಅವಳು ಯಾವತ್ತೂ ಹಾಗೆ ಕೂತದ್ದಿಲ್ಲ ಅಂತ ಅನ್ನಿಸಿತು.

ಊಟದ ಹೊತ್ತು ಮೀರಿದ ಮೇಲೆ ಕರೆಂಟು ಬಂತು. ಆಗ ನನ್ನ ಪಾಳಿ. ಷಡ್ಡಕ ಎದ್ದು, ಮಾತು ಕೊಟ್ಟಂತೆ ಶಟರ್ ಎಳೆದು ಕೆಳಗಿಳಿಸಿದ. ಹೆಂಡತಿ ಚೀಲದೊಂದಿಗೆ ರಸ್ತೆ ದಾಟಿ ನನ್ನ ಬಳಿ ಬಂದಳು. ಕಚೇರಿಯ ಹೊತ್ತು ಮುಗಿಯುವಾಗ ಅರ್ಜಿಯ ಪುಟ ಶಾಶ್ವತವಾಗಿ ಮುಚ್ಚುತ್ತಿತ್ತು.

ನಾನು ತೆರೆದೆ. ಬಿಳಿ ಚೌಕ. ಮತ್ತೆ ತೆರೆದೆ. ಬಿಳಿ ಚೌಕ. ಅವಳು ಒಂದು ಕ್ಷಣ ಅದನ್ನು ಓದಿದಳು. ಆಮೇಲೆ ಹೊರಗೆ ಹೋಗಿ ರಸ್ತೆಯ ನಡುವೆ ನಿಂತು ಅಂದಳು, "ಮಾಮಾ, ಬಾಗಿಲು ತೆಗೀರಿ. ನಂದು ಅರ್ಜಿ ಹಾಕ್ಬೇಕು."

ಷಡ್ಡಕ ಸ್ಟೂಲಿನಿಂದ ಎದ್ದು ನಿಂತ. "ನೋಡವ್ವಾ, ಪಾಳಿ ನಿನ್ನ ಗಂಡಂದದ. ಮಂದಿ ಮುಂದ ಮಾತು ಕೊಟ್ಟೀನಿ. ಅಂವ ಬಿಟ್ಟೇನಿ ಅನ್ನಲಿ, ಈಗ ತೆಗೀತೀನಿ."

ಅವನ ಮುಖದಲ್ಲಿ ನಗು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಜಗಳ ತೆಗೆಯಬಹುದಿತ್ತು. ಚಹಾದ ಹೋಟೆಲ್ಲಿನವರೆಲ್ಲ ಹೊರಗೆ ಬಂದು ನಿಂತರು. ಮುತ್ಯಾ ಬೆಂಚಿನ ಮೇಲಿಂದಲೇ ನೋಡುತ್ತಿದ್ದರು.

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಬಾಯಿ ಬಿಡ್ತೀರೋ ಇಲ್ಲೋ? ಹೊಲಕ್ಕ ಇನ್ನೊಂದು ಪಾಳಿ ಬರ್ತದ. ನನಗ ಬರಂಗಿಲ್ಲ."

"ಬಿಟ್ಟೇನಿ," ಅಂದೆ. ನನಗೇ ಕೇಳಿಸಲಿಲ್ಲ.

"ಜೋರಾಗಿ ಅನ್ನೋ," ಅಂದರು ಮುತ್ಯಾ.

"ಬಿಟ್ಟೇನಿ!"

"ಕೈ ಯಾರದು?"

ರಸ್ತೆ ದಾಟಿ ಹೋದೆ. ಬಾಗಿ ಅವನ ಶಟರ್ ಹಿಡಿದೆ. ಅದಕ್ಕೆ ಅವನು ಎಣ್ಣೆ ಹಾಕಿ ಯಾವ ಕಾಲವಾಗಿತ್ತೋ, ಅರ್ಧಕ್ಕೆ ನಿಂತಿತು. ಸೊಂಟ ಹಿಡಿಯುವಂತೆ ಎತ್ತಿದೆ. ಅದು ಕಿರ್ ಅಂತ ಬಜಾರ್ ತುಂಬ ಕೇಳುವಂತೆ ಕೂಗಿಕೊಂಡು ಮೇಲೆ ಹೋಯಿತು. ನನ್ನ ಷಡ್ಡಕನ ಅಂಗಡಿಯನ್ನು ನನ್ನ ಕೈಯಿಂದಲೇ ತೆರೆದುಕೊಟ್ಟೆ.

ಬೂದಿ ಬಣ್ಣದ ಕಂಪ್ಯೂಟರ್ ಗುರ್ ಅಂದಿತು. ಏಳಲು ಹೊತ್ತು ತೆಗೆದುಕೊಂಡಿತು. ನಾನು ಹೆಂಡತಿಯ ಕುರ್ಚಿಯ ಹಿಂದೆ ನಿಂತಿದ್ದೆ. ಇಲ್ಲಿ ಸುಳ್ಳು ಬರೆಯಬಾರದು. ಅವಳ ಅರ್ಜಿ ಹೋಗಲಿ ಅಂತ ಒಂದು ಮನಸ್ಸು ಬೇಡುತ್ತಿತ್ತು. ಇವನ ಪರದೆಯ ಮೇಲೂ ಆ ಬಿಳಿ ಚೌಕ ಬರಲಿ ಅಂತ ಇನ್ನೊಂದು ಮನಸ್ಸು ಕಾಯುತ್ತಿತ್ತು. ಎರಡನೆಯದು ಸಣ್ಣದೇನೂ ಇರಲಿಲ್ಲ.

ಪುಟ ತೆರೆಯಿತು. ಹೂವು ಅರಳಿದಂತೇನಲ್ಲ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಹಸಿರು ಪಟ್ಟಿ, ಆಮೇಲೆ ಹೆಸರು ಬರೆಯುವ ಮನೆಗಳು. ಷಡ್ಡಕ ಚುರುಕಾಗಿ ಬಡಿಯತೊಡಗಿದ. ನನ್ನ ಎರಡು ಬೆರಳು ಜೇಬಿನಲ್ಲಿದ್ದವು.

"ಗಂಡನ ಹೆಸರು?" ಅಂದ ಅವನು, ಗೊತ್ತಿದ್ದೂ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹಾಗೆ ನೇರವಾಗಿ ಹೇಳುವುದಿಲ್ಲ, ಒಡಪು ಅನ್ನುವ ಪ್ರಾಸದ ಪದ್ಯದೊಳಗೆ ಸೇರಿಸಿ ಹೇಳುತ್ತಾರೆ. ಅವಳು ಹಿಂದೆ ಬೆರಳು ತೋರಿಸಿದಳು. "ಇಲ್ಲೇ ನಿಂತಾರಲ್ರಿ, ಅವರನ್ನೇ ಬರಕೊಳ್ರಿ."

"ಒಡಪು ಹಾಕಿ ಹೇಳು, ಇಲ್ಲಂದ್ರ ಪುಟ ಮುಂದ ಹೋಗಂಗಿಲ್ಲ."

"ಮಾಮಾ, ಗಡಿಯಾರ ನೋಡ್ರಿ ಮೊದಲ!"

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಅವಳೂ ನಕ್ಕಳು. ಆ ನಗು ನನ್ನ ಅಂಗಡಿಯಲ್ಲಿ ಆಗಬೇಕಾಗಿತ್ತು. ಅರ್ಜಿ ಸೇರಿದೆ ಅನ್ನುವ ಕಾಗದ ಹೊರಬಂದಾಗ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡು, ಷಡ್ಡಕನ ಕಾಲಿಗೆ ನಮಸ್ಕಾರ ಮಾಡಿದಳು.

"ಏನು ಹಾಕೀದಿ ಅಣ್ಣಾ ಇದರಾಗ? ಖರೇ ಹೇಳು," ಅಂತ ನಾನು ಕೇಳಿದೆ.

"ಏನೂ ಹಾಕಿಲ್ಲೋ. ಅದಕ್ಕೇ ನಡೀತದೋ ಏನೋ," ಅಂದ. ಅವನಿಗೂ ಕಾರಣ ಗೊತ್ತಿರಲಿಲ್ಲ.

ಅವನು ತಮಾಷೆಗೆ ಆಡಿದ ಮಾತೇ ಸತ್ಯವಾಗಿತ್ತು. ಮುಂದೆ ಮಳೆಗಾಲದಲ್ಲಿ ಕಂಪ್ಯೂಟರ್ ರಿಪೇರಿಗೆ ಬಂದ ಒಬ್ಬರು ಬಿಡಿಸಿ ಹೇಳಿದರು. ಆ ಹೊತ್ತಿಗೆ ಎಲ್ಲಾ ಬ್ರೌಸರುಗಳ ಆವೃತ್ತಿಯ ಅಂಕಿ ನೂರು ಮುಟ್ಟಿತ್ತಂತೆ. ಅರ್ಜಿಯ ತಂತ್ರಾಂಶ ಬರೆದವರು ಮೊದಲಿನ ಎರಡೇ ಅಂಕಿ ಓದುವಂತೆ ಬರೆದಿದ್ದರಂತೆ. ನೂರನ್ನು ಅದು ಹತ್ತು ಅಂತ ಓದಿ, ಇದು ಭಾಳ ಹಳೆಯದು, ಹೊಸದು ತಾ ಅನ್ನುತ್ತಿತ್ತು. ನಾನು ಹೊಸದು ಹಾಕಿದಷ್ಟೂ ಅದರ ಕಣ್ಣಿಗೆ ಹಳಬನಾಗುತ್ತಿದ್ದೆ. "ನಂತರ" ಒತ್ತುತ್ತಲೇ ಕೂತವನ ಅಂಕಿ ಇನ್ನೂ ನೂರರ ಕೆಳಗೇ ಇತ್ತು, ಅವನು ಹೊಸಬನಾಗಿ ಕಂಡ. ವೈರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆ ಚೌಕದಲ್ಲಿ ಇನ್ನೊಂದೇ ಸಾಲು ಇದ್ದಿದ್ದರೆ ಸಾಕಾಗಿತ್ತು. "ನನಗೆ ನಿನ್ನ ಅಂಕಿ ಹತ್ತು ಅಂತ ಕಾಣುತ್ತಿದೆ" ಅಂತ ಬರೆದಿದ್ದರೆ, ಹತ್ತನೇ ತರಗತಿಯನ್ನು ಅಷ್ಟು ತಡವಾಗಿ ಪಾಸು ಮಾಡಿದ ನನಗೂ ಎಲ್ಲಿಯೋ ಲೆಕ್ಕ ತಪ್ಪಿದೆ ಅಂತ ತಿಳಿಯುತ್ತಿತ್ತು. ಏನು ಕಂಡೆ ಅಂತ ಹೇಳದೆ ಬರೀ ಬೇಡ ಅಂದರೆ, ಮನುಷ್ಯ ತನಗೆ ಗೊತ್ತಿರುವ ಕಾರಣವನ್ನೇ ತಂದು ಆ ಖಾಲಿ ಜಾಗಕ್ಕೆ ತುಂಬುತ್ತಾನೆ. ನನಗೆ ಗೊತ್ತಿದ್ದ ಕಾರಣ ಮೇಲಿನವನು.

ಮುತ್ಯಾನಿಗೂ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡು, "ಇರಲಿ ಬಿಡು, ಪಾಳಿ ಹಚ್ಚಿದ್ದು ಮಾತ್ರ ಚಲೋ ಆತು. ಜಗಳ ಕಡಿಮಿ ಆತಲ್ಲ," ಅಂದರು.

ಹೆಂಡತಿಗೆ ಆ ಕೆಲಸ ಸಿಕ್ಕಿತು. ಆಯ್ಕೆಯಾದ ಸುದ್ದಿ ಬಂದ ದಿನ ಅವಳು ಪೇಢೆ ತಂದಳು. ಪೊಟ್ಟಣದ ದಾರವನ್ನು ನನ್ನ ಅಂಗಡಿಯಲ್ಲಿಯೇ ಬಿಚ್ಚಿದಳು. ನಾನು ಕೈ ಚಾಚುವಷ್ಟರಲ್ಲಿ ಪೊಟ್ಟಣ ಎತ್ತಿಕೊಂಡು ರಸ್ತೆ ದಾಟಿದಳು. ಮೊದಲ ಪೇಢೆ ಷಡ್ಡಕನ ಬಾಯಿಗೆ. ತಿರುಗಿ ಬಂದು ನನಗೆ ಕೊಟ್ಟದ್ದು ಎರಡನೆಯದು. ದೊಡ್ಡದೇ ಇತ್ತು, ಸಿಹಿಯೂ ಇತ್ತು. ಆದರೂ ಎರಡನೆಯದು.

ಈಗ ಅವಳು ದಿನಾ ಮುಂಜಾನೆ ಓಣಿಯ ಮಕ್ಕಳ ಕೈ ಹಿಡಿದು ಅಂಗನವಾಡಿಗೆ ಹೋಗುತ್ತಾಳೆ. ನೋಡಿದರೆ ನನಗೆ ಹೆಮ್ಮೆ. ಯಾರಾದರೂ "ಕೆಲಸ ಹ್ಯಾಂಗ ಸಿಕ್ತವ್ವಾ?" ಅಂತ ಕೇಳಿದರೆ, "ನಮ್ಮ ಮಾಮಾ ಅರ್ಜಿ ಹಾಕಿಕೊಟ್ರು" ಅನ್ನುತ್ತಾಳೆ. ಅದು ಸುಳ್ಳಲ್ಲ. ಶಟರ್ ಎತ್ತಿದ್ದು ಯಾರು ಅಂತ ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳಿದರೆ ನಗುತ್ತಾರೆ.

ನಿಮಗೂ ಇಂಥ ಚೌಕ ಬಂದಿರಬೇಕು. ಹೊಂದುವುದಿಲ್ಲ ಅಂತ ಹೇಳಿ, ಯಾಕೆ ಅಂತ ಹೇಳದೆ ನಿಮ್ಮನ್ನು ಹೊರಗೆ ನಿಲ್ಲಿಸಿರಬೇಕು. ಆಗ ನೀವು ಯಾರ ಮೇಲೆ ಸಂಶಯಪಟ್ಟಿರಿ? ನಿಮಗೆ ಮುಚ್ಚಿದ್ದು ಪಕ್ಕದವರಿಗೆ ತೆರೆದಾಗ ಹೊಟ್ಟೆಯಲ್ಲಿ ಏನಾಯಿತು? ಒಳ್ಳೆಯವರಂತೆ ತಿದ್ದಿ ಬರೆಯಬೇಡಿ, ಆದದ್ದನ್ನು ಆದಂತೆಯೇ ನಾಲ್ಕು ಸಾಲು ಬರೆದು ತಿಳಿಸಿ. ನಾನು ಓದುವುದೂ ನಿಧಾನವೇ, ಆದರೆ ಪೂರ್ತಿ ಓದುತ್ತೇನೆ.